ಅರ್ಬುದರೋಗವೂ ಕಿದ್ವಾಯಿ ಸಂಸ್ಥೆಯೂ



ಅರ್ಬುದವೆಂಬ ಹೆಸರು ಸುಶ್ರುತಸಂಹಿತೆಯಷ್ಟು ಪುರಾತನವಾದುದು. ಜನರು ಇಂದು ಅದನ್ನು ಕ್ಯಾನ್ಸರ್ ಎನ್ನುವರು. ಆ ಹೆಸರು ಕಿವಿಗೆ ಬಿದ್ದೊಡನೆ ಮರಣವನ್ನೇ ಎಣಿಸಿ ಕುಳಿತುಕೊಳ್ಳುವವರು ತುಮಕೂರು ಸೀಮೆಯಲ್ಲಿ ಇನ್ನೂ ಇರುವರು. ಹುಣ್ಣು ಚಿಕ್ಕದಾಗಿರುವಾಗ ಮರೆಮಾಚಿ, ಅನ್ನವಿಳಿಯದಂತಾದ ಮೇಲೆ ವೈದ್ಯರನ್ನರಸಿ ಹೋಗುವುದು ಈ ಭೀತಿಯ ಫಲವೇ ಆಗಿದೆ.

1954ರಲ್ಲಿ ನಿಧನರಾದ ಕೇಂದ್ರಸಚಿವ ರಫಿ ಅಹಮದ್ ಕಿದ್ವಾಯಿಯವರ ಸ್ಮಾರಕವಾಗಿ ಬೆಂಗಳೂರಿನಲ್ಲಿ 1973ರಲ್ಲಿ ಒಂದು ಚಿಕಿತ್ಸಾಲಯವು ಏರ್ಪಟ್ಟಿತು. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಮಠವೊಂದರಲ್ಲಿ ಪಾಠಶಾಲೆಯೂ ದಾಸೋಹವೂ ಒಂದೇ ಸೂರಿನಡಿ ನಡೆಯುವಂತೆ, ಅಲ್ಲಿ ರೋಗಿಗಳ ಶುಶ್ರೂಷೆ, ಸಂಶೋಧನೆ, ಬೋಧನೆ ಮೂರೂ ಒಡಗೂಡಿ ನಡೆಯುತ್ತಿವೆ. ಬೆಂಗಳೂರು ನಗರದಲ್ಲಿ ಯಾರಿಗೆ, ಯಾವ ಅಂಗದಲ್ಲಿ ಈ ರೋಗ ತೋರಿತೆಂಬುದನ್ನು 1982ರಿಂದ ಅಲ್ಲಿ ಬರೆದಿಡಲಾಗುತ್ತಿದೆ. ಹಾಸಿಗೆಯ ಬಳಿ ಕಂಡುದು ಹೀಗೆ ದಾಖಲೆಯಾಗಿ, ದಾಖಲೆಯು ವಿಚಾರಕ್ಕೊಳಗಾಗಿ, ವಿಚಾರವು ವಿದ್ಯಾರ್ಥಿಗೆ ಪಾಠವಾಗುವುದು. ಆ ಪಾಠವು ಹಳ್ಳಿಯ ಜಗಲಿಗೆ ಮರಳಿದಾಗಲೇ ಅದಕ್ಕೆ ಸಾರ್ಥಕ್ಯವುಂಟು.

ಇಂತಹ ಪಾಠಗಳಲ್ಲೊಂದು ಗುಬ್ಬಿಯ ತೋಟಗಳಿಗೆ ಅಪ್ರಿಯವಾದುದಾದರೂ ಹೇಳಲೇಬೇಕಾದುದು. ಹೊಗೆಸೊಪ್ಪು ಬೆರೆತ ಎಲೆಯಡಿಕೆಯು ಬಾಯಿಯ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನಾ ಮಂಡಲಿಯು 1985ರಲ್ಲಿಯೂ, ಹೊಗೆಸೊಪ್ಪಿಲ್ಲದ ಬರಿಯ ಅಡಕೆಯೂ ಕಾರಣವೇ ಎಂದು 2004ರಲ್ಲಿಯೂ ನಿರ್ಣಯಿಸಿತು. ಅಡಕೆಯನ್ನು ಎಡೆಬಿಡದೆ ಅಗಿಯುವವರ ಕೆನ್ನೆಯ ಒಳಚರ್ಮವು ಬಿರುಸಾಗಿ ಬಾಯಿ ತೆರೆಯದಾಗುವುದುಂಟು. ಕೆಲವರಲ್ಲಿ ಮುಂದೆ ಅದೇ ಅರ್ಬುದಕ್ಕೆ ಎಡೆಗೊಡುವುದು. ಅಡಕೆಯೇ ಜೀವನಾಧಾರವಾದ ಒಕ್ಕಲಿಗೆ ಈ ಮಾತು ಕಹಿಯಾದೀತು. ಆದರೆ ಶುಭಕಾರ್ಯದಲ್ಲಿ ಕೊಡುವ ತಾಂಬೂಲ ಬೇರೆ, ಕಡ್ಡಿಪುಡಿಯೊಡನೆ ದವಡೆಯಲ್ಲಿಟ್ಟುಕೊಂಡೇ ನಿದ್ರಿಸುವ ಚಟ ಬೇರೆ. ಎರಡನೆಯದಕ್ಕೆ ಮೊದಲನೆಯದರ ಗೌರವವನ್ನು ಹೊದಿಸುವುದು ಸಲ್ಲದು.

ಚಿಕಿತ್ಸೆಯ ಕಷ್ಟವಾದರೋ ಔಷಧದ ವೆಚ್ಚದಲ್ಲಿಯೇ ಮುಗಿಯುವುದಿಲ್ಲ. ಕಿರಣಚಿಕಿತ್ಸೆಯನ್ನು ವಾರಕ್ಕೆ ಐದು ದಿನಗಳಂತೆ ಅನೇಕರಿಗೆ ಆರೇಳು ವಾರ ನಡೆಸಬೇಕಾಗುವುದು. ಗುಬ್ಬಿಯಿಂದಾಗಲಿ ಕುಣಿಗಲಿನಿಂದಾಗಲಿ ನಿತ್ಯವೂ ಹೋಗಿಬರುವುದು ಬಡರೋಗಿಗೆ ಅಸಾಧ್ಯ. ಜೊತೆಗೊಬ್ಬರು ಕೂಲಿ ಬಿಟ್ಟು ನಿಲ್ಲಬೇಕು. ಮನೆಯಲ್ಲಿ ಹಸುಕರುಗಳನ್ನು ನೋಡುವವರಿರುವುದಿಲ್ಲ. ನೋವು ಕೊಂಚ ತಗ್ಗಿದೊಡನೆ ನಡುವೆಯೇ ಊರಿಗೆ ಮರಳಿದವನ ಚಿಕಿತ್ಸೆ ಬಹುಮಟ್ಟಿಗೆ ನಿಷ್ಫಲವಾಗುವುದು. ಅಂತಹವನ ಮನೆಗೆ ಆ ಆರು ವಾರಗಳ ಅಕ್ಕಿಬೇಳೆಯನ್ನು ಮುಟ್ಟಿಸುವುದು ದಾಸೋಹವಲ್ಲದೆ ಮತ್ತೇನು?

ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ನೋವಿಲ್ಲದ ಗಂಟು, ಸ್ತ್ರೀಯರಲ್ಲಿ ಮುಟ್ಟು ನಿಂತ ಬಳಿಕ ಕಾಣುವ ರಕ್ತಸ್ರಾವ, ಇವುಗಳನ್ನು ಲಜ್ಜೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸತಕ್ಕದ್ದು. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಗೂ ಕುಣಿಗಲು ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರ ಜಾತ್ರೆಗೂ ಸಹಸ್ರಾರು ಭಕ್ತರು ಬರುವರು. ಪ್ರಸಾದದ ಪಂಕ್ತಿಯ ಪಕ್ಕದಲ್ಲಿ ವೈದ್ಯರೊಬ್ಬರು ದೀಪ ಹಿಡಿದು ಬಾಯಿ ಪರೀಕ್ಷಿಸುವ ಏರ್ಪಾಡನ್ನು ಬರುವ ಜಾತ್ರೆಯಲ್ಲಿಯೇ ಆರಂಭಿಸಬಹುದು.