ಸಮೀಕ್ಷೆ ಕೇಳುವ ಪ್ರಶ್ನೆ, ಆಪ್ತಸಮಾಲೋಚಕರು ಕೇಳದ ಪ್ರಶ್ನೆ

ಗಂಡ-ಹೆಂಡಿರ ಜಗಳವನ್ನು ಆಪ್ತಸಮಾಲೋಚನೆಗೆ ಒಯ್ದರೆ ಸಿಗುವುದು "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂಬ ಬುದ್ಧಿವಾದವೇ. ಅದನ್ನು ಕೇಳಲು ಅಷ್ಟು ದೂರ ಯಾಕೆ ಹೋಗಬೇಕು? ಕೇಳುಗರು ಬಿಡದೆ ಕೇಳುತ್ತಿರುವ ಈ ಪ್ರಶ್ನೆಯಲ್ಲಿ ಹುರುಳಿದೆ. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರವಿರಲಿ, ಸಹಾಯವಾಣಿಯಿರಲಿ, ಕುಟುಂಬ ನ್ಯಾಯಾಲಯವಿರಲಿ, ಅಲ್ಲಿ ಸಿಗುವ ಸಲಹೆ ಎಷ್ಟು ಗಟ್ಟಿ ಎಂಬುದು ಒಂದೇ ಸಂಗತಿಯ ಮೇಲೆ ನಿಂತಿದೆ. ಸಂಸಾರದ ಬಿರುಕುಗಳ ಬಗ್ಗೆ ಸಂಶೋಧಕರು ಕಂಡುಕೊಂಡದ್ದು ಮೇಜಿನ ಆಚೆ ಕುಳಿತವರ ಕೈಗೆ ತಲುಪಿದೆಯೋ ಇಲ್ಲವೋ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ, ಮದುವೆಯಾದ ಅಥವಾ ಹಿಂದೆ ಮದುವೆಯಾಗಿದ್ದ, 18ರಿಂದ 49 ವಯಸ್ಸಿನ ಕರ್ನಾಟಕದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ. 29. ಹಿಂಸೆ ಕಂಡವರಲ್ಲಿ ಯಾರದಾದರೂ ನೆರವು ಕೇಳಿದವರು ದೇಶದಾದ್ಯಂತ ಶೇ. 14 ಮಾತ್ರ. ತವರಿನವರಿಗೂ ಹೇಳದ್ದನ್ನು ಇಷ್ಟೊಂದು ಹೆಂಗಸರು ಗುರುತು ಪರಿಚಯವಿಲ್ಲದ ಸಮೀಕ್ಷಕಿಗೆ ಹೇಳಿದ್ದು ಹೇಗೆ? ಉತ್ತರ ಕೇಳುವ ಕ್ರಮದಲ್ಲಿದೆ.

ಆ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಕೈಬಿಡುತ್ತಾರೆ. "ನಿಮ್ಮ ಮನೆಯಲ್ಲಿ ಹಿಂಸೆ ಇದೆಯೇ" ಎಂದು ಒಟ್ಟಾರೆ ಕೇಳುವುದಿಲ್ಲ. ಕಪಾಳಕ್ಕೆ ಹೊಡೆದಿದ್ದಾರೆಯೇ, ಕೈ ತಿರುಚಿದ್ದಾರೆಯೇ, ಕೂದಲು ಹಿಡಿದು ಎಳೆದಿದ್ದಾರೆಯೇ, ಒದ್ದಿದ್ದಾರೆಯೇ, ಕುತ್ತಿಗೆ ಹಿಸುಕಲು ಅಥವಾ ಸುಡಲು ನೋಡಿದ್ದಾರೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಇದು ಹತ್ತಾರು ದೇಶಗಳಲ್ಲಿ ಪಳಗಿದ ವಿಧಾನ.

ಸಮಾಲೋಚನಾ ಕೊಠಡಿಯಲ್ಲಿ ಎಷ್ಟೋ ಸಲ ಆಗುವುದು ಇದಕ್ಕೆ ತದ್ವಿರುದ್ಧ. ಒಂದೇ ಬೆಂಚಿನ ಮೇಲೆ ಗಂಡ, ಹೆಂಡತಿ, ಅತ್ತೆ, ಜೊತೆಗೆ ಊರಿನ ಹಿರಿಯರೊಬ್ಬರು. "ಹೊಡೀತಾರೇನಮ್ಮ?" ಎಂಬ ಪ್ರಶ್ನೆ ಎಲ್ಲರೆದುರು ಬೀಳುತ್ತದೆ. ಅವಳು ಒಮ್ಮೆ ಗಂಡನ ಕಡೆ ನೋಡಿ, "ಎಲ್ಲರ ಮನೇಲೂ ಇರೋ ಹಾಗೆ" ಅನ್ನುತ್ತಾಳೆ. ಅರ್ಜಿಯಲ್ಲಿ "ಹಿಂಸೆ ಇಲ್ಲ" ಎಂದು ದಾಖಲಾಗುತ್ತದೆ. ಅಂಥ ಕೊಠಡಿಗಳ ಮೂಲೆಯಲ್ಲಿ ಕುಳಿತು ನೋಡಿದವರಿಗೆ ಆ ಒಂದು ನೋಟ ಸಾಕು. ಗಂಡನ ಎದುರು ಕೇಳಿ ಪಡೆದ "ಇಲ್ಲ" ಉತ್ತರವೇ ಅಲ್ಲ. ಅವಳನ್ನು ಒಬ್ಬಳನ್ನೇ ಒಳಗೆ ಕರೆದು, ಬಾಗಿಲು ಹಾಕಿ, ಒಂದೊಂದೇ ಕೃತ್ಯದ ಹೆಸರೆತ್ತಿ ಕೇಳಬೇಕು. ಜಂಟಿ ಮಾತುಕತೆಯ ಯೋಚನೆ ಏನಿದ್ದರೂ ಆಮೇಲೆ. ಹೇಳಿದ್ದನ್ನೇ ಹೇಳಿದಂತಾದರೂ ಚಿಂತೆಯಿಲ್ಲ: ಮೊದಲು ಒಬ್ಬಳನ್ನೇ ಕೇಳಬೇಕು, ಎಲ್ಲರನ್ನೂ ಕೂರಿಸುವುದು ಆಮೇಲೆ. ಎದುರಿಗೆ ಕೂರಿಸಿ ಹೇಳಿಸಿದ ಮಾತಿಗೆ ಮನೆಗೆ ಹೋದ ಮೇಲೆ ಬೆಲೆ ತೆರುವವಳು ಅವಳೇ.

ಸಮೀಕ್ಷೆಯ ಆ ಪ್ರಶ್ನೆಗಳ ಪಟ್ಟಿಯಲ್ಲಿ ಕುತ್ತಿಗೆಯ ಪ್ರಶ್ನೆಗೆ ವಿಶೇಷ ತೂಕವಿದೆ. ಗಂಡನೋ ಸಂಗಾತಿಯೋ ಹಿಂದೆ ಕುತ್ತಿಗೆ ಹಿಸುಕಿದ್ದರೆ, ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಅಮೆರಿಕದ ಸಂಶೋಧಕಿಯರು 2008ರಲ್ಲಿ ತೋರಿಸಿದರು. ಆ ತಂಡದಲ್ಲಿದ್ದ ಜಾಕ್ವೆಲಿನ್ ಕ್ಯಾಂಪ್‌ಬೆಲ್ ವೃತ್ತಿಯಿಂದ ದಾದಿ. ಅಪಾಯ ಅಳೆಯಲು ಅವರು ರೂಪಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಕುತ್ತಿಗೆ ಹಿಸುಕಿದಾಗ ಎಷ್ಟೋ ಸಲ ಹೊರಗೆ ಕಲೆಯೇ ಕಾಣುವುದಿಲ್ಲ. ಗಾಯವಿಲ್ಲ, ಆದ್ದರಿಂದ ಸಣ್ಣ ಜಗಳ ಎಂಬ ತೀರ್ಮಾನ ಅಲ್ಲೇ ಎಡವುತ್ತದೆ. ಹೆಂಡತಿ ಮನೆ ಬಿಟ್ಟು ಹೊರಟ ಹೊತ್ತಿನಲ್ಲಿ ಅಪಾಯ ಏರುತ್ತದೆ ಎಂಬುದೂ ಇಂಥ ಅಧ್ಯಯನಗಳಿಂದಲೇ ತಿಳಿದುಬಂದದ್ದು. "ಹೊರಗೆ ಬಂದಳಲ್ಲ, ಇನ್ನೇನು" ಎನ್ನುವವರು ಇದನ್ನು ಗಮನಿಸಬೇಕು.

ಇನ್ನು, "ಅವಳೇ ಮಾತಿಗೆ ಮಾತು ಬೆಳೆಸಿದಳು" ಎಂಬ ವಾದ. ಓದಿದವರ ಬಾಯಲ್ಲೂ ಬರುವ ಈ ಮಾತು ಕೇಳಿ ಕೇಳಿ ಸಾಕಾಗುವಂಥದ್ದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 2006ರ ನಿಯಮಗಳು ಇದಕ್ಕೆ ಎಂದೋ ಉತ್ತರ ಕೊಟ್ಟಿವೆ. ಆ ಕಾಯಿದೆಯಡಿ ನಡೆಯುವ ಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರನಿಗೆ ಅವಕಾಶವಿಲ್ಲ. ಆ ಮಾತನ್ನು ಕಲಾಪ ಶುರುವಾಗುವ ಮೊದಲೇ ಅವನಿಗೆ ತಿಳಿಸಬೇಕು. ನಿಯಮ 14ರ ಈ ಸಾಲನ್ನು ಪ್ರತಿ ಸಮಾಲೋಚನಾ ಕೊಠಡಿಯ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ.

ಸಂಶೋಧನೆಯನ್ನು ಸೇವೆಯ ಬಾಗಿಲಿಗೆ ತಲುಪಿಸುವ ಕೆಲಸವನ್ನು ವ್ಯವಸ್ಥಿತವಾಗಿ ಮಾಡಿದ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಕುಟುಂಬ ಕಾನೂನಿನ 2006ರ ಸುಧಾರಣೆಯ ನಂತರ ಅಲ್ಲಿ 65 ಕುಟುಂಬ ಸಂಬಂಧ ಕೇಂದ್ರಗಳು ತೆರೆದವು. ಮಕ್ಕಳ ವಿಷಯದಲ್ಲಿ ನ್ಯಾಯಾಲಯಕ್ಕೆ ಹೋಗುವ ಮುನ್ನ ಸಂಧಾನಕ್ಕೆ ಯತ್ನಿಸಬೇಕು. ಹಿಂಸೆ ಇದ್ದರೆ ವಿನಾಯಿತಿ. ಬಂದ ಕುಟುಂಬದ ವಿಷಯ ಸಂಧಾನಕ್ಕೆ ತಕ್ಕದ್ದೇ ಎಂದು ಸಂಧಾನಕಾರರು ಮೊದಲೇ ಪರೀಕ್ಷಿಸಬೇಕೆಂಬುದು ನಿಯಮ. ಅಲ್ಲಿನ ಕುಟುಂಬ ಅಧ್ಯಯನ ಸಂಸ್ಥೆ ಸಂಶೋಧನೆಗಳನ್ನು ಸರಳ ಭಾಷೆಯ ಟಿಪ್ಪಣಿಗಳಾಗಿಸಿ ಕೇಂದ್ರಗಳಿಗೆ ಕೊಡುತ್ತದೆ, ಸುಧಾರಣೆಯ ಫಲವನ್ನೂ ಅದೇ ಅಳೆದು 2009ರಲ್ಲಿ ವರದಿ ಮಾಡಿತು. ಬೇರ್ಪಟ್ಟ ತಾಯಂದಿರಲ್ಲಿ ಸುಮಾರು ಕಾಲು ಭಾಗ, ಬೇರ್ಪಡುವ ಮೊದಲೇ ಪೆಟ್ಟು ತಿಂದಿದ್ದರೆಂದು ಆ ವರದಿಯಿಂದ ಗೊತ್ತಾಯಿತು. ಹಿಂಸೆಯ ವ್ಯಾಖ್ಯೆಯನ್ನು ಅಲ್ಲಿನ ಸಂಸತ್ತು 2011ರಲ್ಲಿ ವಿಸ್ತರಿಸಿತು. ಮೆಲ್ಬರ್ನ್ ಕಡೆ ನೆಲೆಸಿದ ಕನ್ನಡಿಗರು ತಿಳಿದಿರಬೇಕಾದದ್ದು: ವಿಕ್ಟೋರಿಯಾ ರಾಜ್ಯದ ಕಾನೂನು ವರದಕ್ಷಿಣೆ ಕಿರುಕುಳವನ್ನೂ ಕೌಟುಂಬಿಕ ಹಿಂಸೆಯ ಉದಾಹರಣೆಯಾಗಿ ಹೆಸರಿಸಿದೆ.

ಇನ್ನು, ಹಿಂಸೆಯಿಲ್ಲದ ಜಗಳಗಳ ಬಗ್ಗೆ ಎರಡು ಮಾತು. ಮಕ್ಕಳಿಗೆ ತಟ್ಟುವುದು ಅಪ್ಪ-ಅಮ್ಮ ಬೇರೆಯಾದದ್ದಕ್ಕಿಂತ, ಕಣ್ಣೆದುರಿನ ಮುಗಿಯದ ಕಿತ್ತಾಟ ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ಜಗಳವಾಡಿದವರು ರಾಜಿಯಾದದ್ದನ್ನೂ ಮಕ್ಕಳು ಕಂಡರೆ ಪೆಟ್ಟು ಹಗುರಾಗುತ್ತದೆ. "ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ" ಎಂಬ ಸಲಹೆಗೆ ಆಧಾರವಿಲ್ಲ.

ನೆರವಿಗೆ ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿಗೆ 112ಕ್ಕೆ ಕರೆ ಮಾಡಬಹುದು. ಕರ್ನಾಟಕದಲ್ಲಿ 2005ರ ಕಾಯಿದೆಯಡಿ ಹೆಂಗಸರ ನೆರವಿಗಿರುವ ಸಂರಕ್ಷಣಾಧಿಕಾರಿಗಳೆಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಅಂಗನವಾಡಿಗಳ ಮೇಲ್ವಿಚಾರಣೆ ನೋಡುವ ಸಿ.ಡಿ.ಪಿ.ಓ. ಎಲ್ಲಿಗೆ ಹೋದರೂ "ಮೊದಲು ನಾನೊಬ್ಬಳೇ ಮಾತಾಡಬೇಕು" ಎಂದು ಕೇಳಬಹುದು, ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡ ಮೇಲಷ್ಟೇ ಸಹಿ ಹಾಕಬಹುದು.