ಸೂಜಿ ಮೊನೆಯಷ್ಟು ತೂತಿನ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಒಲೆ ರಿಪೇರಿಯ ಅಣ್ಣಂದಿರೇ, ದಯಮಾಡಿ ಮುಂದೆ ಬಂದು ಕೂತುಕೊಳ್ಳಿ. ಈ ಸಂಕಿರಣದಲ್ಲಿ ಇವತ್ತು ನಾನು ಮಾತಾಡಬೇಕಾಗಿರುವುದು ನಿಮ್ಮ ಕೈಕೆಲಸದ ಬಗ್ಗೆ. ಅದರ ವಿಷಯದಲ್ಲಿ ನಾವು ಓದಿದವರು ಮಾಡಿದ ತಪ್ಪಿನ ಬಗ್ಗೆ.

ಬೆಳಿಗ್ಗೆ ಉಚ್ಚಂಗಿದುರ್ಗದ ಬೆಟ್ಟ ಹತ್ತಿ ಉತ್ಸವಾಂಬೆಯ ದರ್ಶನ ಮಾಡಿಕೊಂಡು ಬಂದೆ. ಇಳಿಯುವಾಗ ದಾರಿಯ ಪಕ್ಕದಲ್ಲಿ ಮಸಿ ಹಿಡಿದ ಕಲ್ಲುಗಳು ಮೂರು ಮೂರಾಗಿ ಕಂಡವು. ಭರತ ಹುಣ್ಣಿಮೆಗೆ ಬಂದ ಭಕ್ತರು ಎಡೆ ಬೇಯಿಸಿಕೊಂಡ ಒಲೆಗಳು. ಆ ಮೂರು ಕಲ್ಲಿನ ಒಲೆ ಹೊಗೆ ಕೊಟ್ಟರೆ ಅದನ್ನು ಸರಿಮಾಡಲು ಯಾವ ತಾಯಿಯೂ ಇನ್ನೊಬ್ಬರನ್ನು ಕರೆಯುವುದಿಲ್ಲ. ಕಲ್ಲು ಸರಿಸುತ್ತಾಳೆ, ಕೊಳ್ಳಿ ಹಿಂದಕ್ಕೆಳೆಯುತ್ತಾಳೆ, ಬೂದಿ ಬಾಚುತ್ತಾಳೆ, ಊದುಗೊಳವೆ ಹಿಡಿಯುತ್ತಾಳೆ. ಗಾಳಿ ಎಲ್ಲಿ ಕಟ್ಟಿಕೊಂಡಿದೆ ಎಂಬುದು ಅವಳಿಗೆ ಗೊತ್ತು. ಅದೇ ತಾಯಿಯ ಮುಂದೆ ಗ್ಯಾಸ್ ಒಲೆ ಇಟ್ಟು ನಾವು ಹೇಳಿದ್ದು ಒಂದೇ ಮಾತು: ಮುಟ್ಟಬೇಡಮ್ಮಾ, ಕೆಟ್ಟರೆ ಫೋನು ಮಾಡು. ಉರಿಯನ್ನು ಮನೆಯೊಳಗೆ ತಂದೆವು, ಉರಿಯ ವಿದ್ಯೆಯನ್ನು ಹೊಸ್ತಿಲ ಹೊರಗೇ ಬಿಟ್ಟೆವು. ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲಿ ಎಂದು ನಾನು ನಂಬಿದ್ದೇನೆ.

ಹಿಂದಿನವರ ಕೆಲಸವನ್ನು ಸಣ್ಣದು ಮಾಡಿ ಈ ಮಾತು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದಾಗ, ವಿಜ್ಞಾನಿಗಳು ಹಳ್ಳಿಯ ಅಡುಗೆಮನೆಯೊಳಗೆ ಕಾಲಿಟ್ಟರು. ಮೂರು ಪಾತ್ರೆಯ ಅಸ್ತ್ರ ಒಲೆ ಅಲ್ಲಿಂದಲೇ ಬಂತು. ನನ್ನ ಎಡಕ್ಕೆ ಕೂತಿರುವ ಮೇಡಂ ಆ ಒಲೆಗಳನ್ನು ಹಳ್ಳಿಗಳಲ್ಲಿ ಕಟ್ಟಿಸಿದವರು. ಅವುಗಳ ಹೊಗೆಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರು ಯಾರು ಎಂದು ಅವರು ಕೇಳುತ್ತಲೇ ಬಂದರು. ಅಡುಗೆಮನೆಯ ಹೊಗೆ ಎಷ್ಟು ಉಸಿರು ತಿನ್ನುತ್ತದೆ ಎಂಬುದನ್ನು ವಿಜ್ಞಾನಿ ಕರ್ಕ್ ಸ್ಮಿತ್ ಜೀವಮಾನವಿಡೀ ಅಳೆದರು. ಅವರ ಬರಹಗಳನ್ನು ಈ ಸಭೆಯಲ್ಲಿ ಅನೇಕರು ನನಗಿಂತ ಚೆನ್ನಾಗಿ ಪಾಠ ಹೇಳಬಲ್ಲರು. ಆ ಭಾಗವನ್ನು ಅವರಿಗೇ ಬಿಡುತ್ತೇನೆ.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಶುರುವಾಯಿತು. ನಮ್ಮ ರಾಜ್ಯದ ಅನಿಲ ಭಾಗ್ಯ ಯೋಜನೆಯೂ ಬಂತು, ಎರಡು ಬರ್ನರಿನ ಒಲೆ ಮನೆಗೆ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ನಾಲ್ಕನೆಯ ಸುತ್ತಿನಲ್ಲಿ ಶೇಕಡ 43.8 ಇದ್ದದ್ದು, 2019ರಿಂದ 2021ರ ಐದನೆಯ ಸುತ್ತಿಗೆ ಶೇಕಡ 58.6 ಆಯಿತು. ದೊಡ್ಡ ಸಾಧನೆ, ಸಂತೋಷದ ಮಾತು. ಆದರೆ ಆ ಸಮೀಕ್ಷೆ ಕೇಳುವುದು ಮನೆಯಲ್ಲಿ ಯಾವ ಇಂಧನ ಎಂದು. ಉರಿ ನೀಲಿಯೋ ಹಳದಿಯೋ ಎಂದು ಅದು ಕೇಳುವುದಿಲ್ಲ. ಸಂಪರ್ಕ ಎಣಿಸಿದೆವು, ಸಿಲಿಂಡರು ಎಣಿಸಿದೆವು. ಐದು ವರ್ಷ ಉರಿದ ಒಲೆ ಈಗ ಹೇಗಿದೆ ಎಂದು ಬಗ್ಗಿ ನೋಡಲಿಲ್ಲ.

ನಮ್ಮ ಅವ್ವನ ಒಲೆಯ ಕಥೆ ಹೇಳುತ್ತೇನೆ. ಒಂದು ಸಲ ಊರಿಗೆ ಹೋದಾಗ ಅವ್ವ, “ಒಲಿ ಮಸಿ ಹಿಡಿಸಾಕ ಹತ್ತೈತಿ, ನೋಡಪ್ಪ” ಅಂದಳು. ಹಂಚಿನ ತಳ ಕರ್ರಗಿತ್ತು. ನಾನು ನಾಬು ತಿರುವಿದೆ, ಸಿಲಿಂಡರು ಅಲುಗಾಡಿಸಿದೆ. ಪಾಠ ಹೇಳಿದ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು. ಅವ್ವ ಪಕ್ಕದಲ್ಲಿ ನಿಂತು ನಿಧಾನವಾಗಿ ಹೇಳಿದಳು: “ಸಣ್ಣ ಒಲಿ ಚೊಲೋ ಐತಿ, ದೊಡ್ಡದಕ್ಕಷ್ಟ ಬ್ಯಾನಿ. ಆ ರಿಪೇರಿ ಹುಡುಗ ಪಿನ್ನು ಹಾಕಿ ಹೋದಮ್ಯಾಲ ಹಿಂಗಾತು.” ಆ ಎರಡು ಮಾತಿನಲ್ಲಿ ರೋಗವೂ ಇತ್ತು, ಕಾರಣವೂ ಇತ್ತು.

ಅವ್ವನ ಮೊದಲ ಮಾತು ದೋಷ ಹುಡುಕುವ ಮೊದಲ ಸೂತ್ರ. ಎರಡೂ ಬರ್ನರು ಮಂದವಾದರೆ ತಪ್ಪು ಒಲೆಯ ಹಿಂದಿದೆ: ಸಿಲಿಂಡರು ಮುಗಿಯುತ್ತಿರಬಹುದು, ರೆಗ್ಯುಲೇಟರು ಸೋತಿರಬಹುದು, ಪೈಪು ಮಡಚಿಕೊಂಡಿರಬಹುದು. ಒಂದೇ ಮಂದವಾದರೆ ತಪ್ಪು ಒಲೆಯೊಳಗೇ ಇದೆ: ಬರ್ನರಿನ ತೂತಿನಲ್ಲಿ, ಗಾಳಿ ಬೆರೆಯುವ ಕೊಳವೆಯಲ್ಲಿ, ಅನಿಲ ಚಿಮ್ಮುವ ಜೆಟ್ಟಿನಲ್ಲಿ ಅಥವಾ ನಾಬಿನ ವಾಲ್ವಿನಲ್ಲಿ. ಒಂದೋ ಎರಡೋ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಮ್ಮ ಪಠ್ಯಗಳು ಈ ಪ್ರಶ್ನೆಯಿಂದ ಶುರುವಾಗಬೇಕಿತ್ತು.

ಉಳಿದದ್ದನ್ನು ಉರಿಯೇ ಹೇಳುತ್ತದೆ. ಸಿಲಿಂಡರಿನ ಅನಿಲ ಪೂರ್ತಿ ಉರಿಯಲು ತನ್ನ ಗಾತ್ರದ ಇಪ್ಪತ್ತೈದರಿಂದ ಮೂವತ್ತು ಪಟ್ಟು ಗಾಳಿ ಬೇಕು. ಒಂದು ಪಾಲು ಗಾಳಿಯನ್ನು ಜೆಟ್ಟಿನಿಂದ ಚಿಮ್ಮುವ ಅನಿಲವೇ ಕೊಳವೆಯೊಳಗೆ ಎಳೆದುಕೊಳ್ಳುತ್ತದೆ, ಮಿಕ್ಕದ್ದು ಉರಿಯ ಸುತ್ತಲಿಂದ ಬರುತ್ತದೆ. ಗಾಳಿ ಸಾಲದೆ ಹೋದರೆ ಉರಿ ಹಳದಿಯಾಗಿ ಮಸಿ ಕೂರಿಸುತ್ತದೆ. ಉರಿ ಬರ್ನರು ಬಿಟ್ಟು ಮೇಲೆದ್ದು ಬುಸುಗುಟ್ಟಿದರೆ ಒತ್ತಡವೋ ಗಾಳಿಯೋ ಹೆಚ್ಚಾಗಿದೆ. ಉರಿ ಒಳಗೆ ಹೊಕ್ಕು ಜೆಟ್ಟಿನ ಬಾಯಲ್ಲೇ ಉರಿಯತೊಡಗಿದರೆ ತಕ್ಷಣ ಆರಿಸಿ, ಬರ್ನರು ತಣ್ಣಗಾಗಲು ಬಿಟ್ಟು, ಆಮೇಲೆ ಹಚ್ಚಬೇಕು. ಜೋಳದ ಹಿಟ್ಟು ಉದುರಿ ಕಿಡಿ ಕೆಂಪಗೆ ಹಾರಿದರೆ ಹೆದರಬೇಕಿಲ್ಲ, ಪಾತ್ರೆಯ ತಳ ನೋಡಿ. ಮಸಿ ಇಲ್ಲದಿದ್ದರೆ ಅದು ಬರೀ ಹಿಟ್ಟು.

ನಮ್ಮ ಸೀಮೆಗೆ ಇಲ್ಲಿ ತನ್ನದೇ ಮಾತಿದೆ. ನಮ್ಮದು ಅಗಲ ಹಂಚಿನ ರೊಟ್ಟಿ. ಅಂಥ ಹಂಚು ಬರ್ನರಿನ ಮೇಲೆ ಕವುಚಿ ಕೂತರೆ ಸುತ್ತಲ ಗಾಳಿ ಕಟ್ಟಿಹೋಗುತ್ತದೆ. ಒಲೆ ಆರೋಗ್ಯವಾಗಿದ್ದರೂ ಉರಿ ಹಳದಿಯಾಗುತ್ತದೆ. ಇನ್ನು ಗವಾಕ್ಷಿಯ ವಿಷಯ. ನಮ್ಮ ಹಿರಿಯರು ಅದನ್ನು ಗೋಡೆಯ ಮೇಲ್ಭಾಗದಲ್ಲಿ ಇಟ್ಟರು, ಏಕೆಂದರೆ ಹೊಗೆ ಮೇಲೇರುತ್ತದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ವಾಸನೆ ಬಂದಾಗ ಗವಾಕ್ಷಿ ನಂಬಿ ಕೂರಬಾರದು. ರೆಗ್ಯುಲೇಟರು ಮುಚ್ಚಿ, ಬಾಗಿಲು ತೆರೆದು, ಸ್ವಿಚ್ಚು ಮುಟ್ಟದೆ ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಸೋರಿಕೆ ಹುಡುಕುವುದು ಸೋಪಿನ ನೀರಿನಿಂದ, ಕಡ್ಡಿ ಗೀರಿ ಅಲ್ಲ. ಇದನ್ನು ಇನ್ನೂ ಹೇಳಬೇಕಾಗಿದೆ ಎಂಬುದೇ ನನ್ನ ಸಂಕಟ.

ಇನ್ನು ಒಲೆಯ ಗುರುತು, ಅಂದರೆ ಅದು ಯಾವ ಮಾದರಿಯದೆಂದು ತಿಳಿಯುವ ವಿಷಯ; ಅದು ಈ ಸಂಕಿರಣದ ಶೀರ್ಷಿಕೆಯಲ್ಲೇ ಇದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ಫೋನು ಮಾಡಿದಳು, ಅವರ ಮನೆಯ ಓವೆನ್ನು ಕಾಯುತ್ತಿಲ್ಲವೆಂದು. ಕೆಳಗಿನ ಡ್ರಾಯರು ಎಳೆದು ಮಾದರಿ ಸಂಖ್ಯೆಯ ಪಟ್ಟಿ ಓದು ಅಂದೆ, ಓದಿದಳು. ಕರೆಂಟು ತೆಗೆದು ತುಸು ಹೊತ್ತು ಬಿಟ್ಟು ಹಾಕಿದಳು, ಸರಿಹೋಗಲಿಲ್ಲ. ಒಳಗಿನ ಕಾಯಿಸುವ ಕಡ್ಡಿ ಕೆಂಪಗಾಗುತ್ತದೆ, ಉರಿ ಮಾತ್ರ ಹತ್ತುವುದಿಲ್ಲ ಅಂದಳು. ಆ ಕಡ್ಡಿ ಹಳತಾದಾಗ ಕೆಂಪಗಾದರೂ ಅನಿಲದ ಬಾಗಿಲು ತೆರೆಯುವಷ್ಟು ಕರೆಂಟು ಎಳೆಯಲಾರದು. ಕಡ್ಡಿ ಬದಲಾಯಿತು, ಓವೆನ್ನು ಕಾಯಿತು. ಅಲ್ಲಿ ಆ ಪಟ್ಟಿಯಿಂದ ಸರಿಯಾದ ಬಿಡಿಭಾಗ ಸಿಕ್ಕಿತು. ನಮ್ಮ ಒಲೆಯ ಹೆಸರಿನ ಕಾಗದವನ್ನು ಮೊದಲ ವರ್ಷದ ಸೋಪಿನ ನೀರೇ ಒರೆಸಿಬಿಡುತ್ತದೆ. ಸಿಲಿಂಡರಿಗಾದರೆ ಗುರುತಿದೆ: ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂದು ಮೂರು ಮೂರು ತಿಂಗಳಿಗೆ ಒಂದು ಅಕ್ಷರ, ಪಕ್ಕದಲ್ಲಿ ವರ್ಷದ ಎರಡಂಕಿ. ಅದು ಮುಂದಿನ ಪರೀಕ್ಷೆಯ ಗಡುವು. ಖಾಲಿ ತೂಕವನ್ನೂ ಅಲ್ಲೇ ಬರೆದಿದೆ, ಅದಕ್ಕೆ 14.2 ಕೆಜಿ ಕೂಡಿಸಿ ತೂಗಿ ನೋಡಬಹುದು. ಸುರಕ್ಷಾ ಪೈಪಿನ ಮೇಲೂ ವರ್ಷವಿದೆ, ಐದು ವರ್ಷಕ್ಕೆ ಬದಲಿಸಬೇಕು. ಒಲೆ ಒಂದೇ ಅನಾಮಿಕ.

ಇದಕ್ಕೆ ಕಾರಣ ಒಡೆತನ. ಸಿಲಿಂಡರು, ರೆಗ್ಯುಲೇಟರು ಠೇವಣಿಯ ಮೇಲೆ ಬಂದ ಕಂಪನಿಯ ಸೊತ್ತು. ಒಲೆ, ಪೈಪು ಮನೆಯವರದು. ತಪ್ಪು ಈ ಗಡಿಯಲ್ಲಿದ್ದರೆ ಅದು ಯಾರದೂ ಅಲ್ಲ. ಹರಪನಹಳ್ಳಿಯವರಿಗೆ ಗಡಿಯ ಕಷ್ಟ ಹೊಸದಲ್ಲ: ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಯಾವ ಕಚೇರಿಗೆ ಹೋಗಬೇಕೆಂದು ಕೇಳುತ್ತ ಅಲೆದವರಿಗೆ, ಉರಿಯದ ಒಲೆ ಹಿಡಿದು ಏಜೆನ್ಸಿಗೂ ಅಂಗಡಿಗೂ ತಿರುಗುವ ತಾಯಿಯ ದಣಿವು ಅರ್ಥವಾಗುತ್ತದೆ.

ಈಗ ಬಹಳ ವರ್ಷದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ಅದು ಅವ್ವನ ಎರಡನೆಯ ಮಾತು, ಪಿನ್ನಿನ ಮಾತು.

ಜೆಟ್ಟು ಒಂದು ಹಿತ್ತಾಳೆಯ ಮೊಳೆಯಂಥ ತುಣುಕು. ಅದರ ತೂತು ಒಂದು ಮಿಲಿಮೀಟರಿಗಿಂತ ಕಿರಿದು. ರೆಗ್ಯುಲೇಟರು ಕೊಡುವ ಒತ್ತಡ ಸುಮಾರು 30 ಸೆಂಟಿಮೀಟರ್ ಎತ್ತರದ ನೀರಿನಷ್ಟು ಮಾತ್ರ. ಇಷ್ಟು ಸಣ್ಣ ಒತ್ತಡ, ಇಷ್ಟು ಸಣ್ಣ ತೂತು, ಇವೆರಡರ ಹೊಂದಾಣಿಕೆಯ ಮೇಲೆ ಇಡೀ ಮನೆಯ ಅಡುಗೆ ನಿಂತಿದೆ. ಹಾಲು ಉಕ್ಕಿ, ಹಿಟ್ಟು ಉದುರಿ, ಜೇಡ ಗೂಡು ಕಟ್ಟಿ ಉರಿ ಕುಂದಿದಾಗ ಯಾರೋ ಉಕ್ಕಿನ ಪಿನ್ನು ಹಾಕಿ ತಿರುವುತ್ತಾರೆ. ಹಿತ್ತಾಳೆ ಮೆತುವು, ತೂತು ಸವೆಯುತ್ತದೆ. ಅಡ್ಡಳತೆ ಹತ್ತನೇ ಒಂದು ಪಾಲು ಹಿಗ್ಗಿದರೆ ತೂತಿನ ವಿಸ್ತಾರ ಶೇಕಡ 21 ಹೆಚ್ಚುತ್ತದೆ, ಹೆಚ್ಚುಕಡಿಮೆ ಅಷ್ಟೇ ಅನಿಲವೂ ಹೆಚ್ಚು ಹೊರಡುತ್ತದೆ. ಅಗಲವಾದ ಜೆಟ್ಟು ಅನಿಲದ ಪಾಲಿಗೆ ತಕ್ಕಷ್ಟು ಗಾಳಿಯನ್ನೂ ಎಳೆಯಲಾರದು. ಉರಿ ದೊಡ್ಡದಾಗಿ ಕಾಣುತ್ತದೆ, ರಿಪೇರಿ ಆಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ತಿಂಗಳೊಳಗೆ ಪಾತ್ರೆ ಕಪ್ಪಾಗುತ್ತದೆ, ಸಿಲಿಂಡರು ಬೇಗ ಮುಗಿಯುತ್ತದೆ. ಕೂಲಿಯ ದುಡ್ಡಿನಲ್ಲಿ ಸಿಲಿಂಡರು ತರಿಸುವ ಮನೆ ಮತ್ತೆ ಸೌದೆಗೆ ತಿರುಗುತ್ತದೆ. ಆ ಮನೆ ಅನಿಲ ಬಿಟ್ಟಿತು, ಬೆಲೆ ತಾಳಲಿಲ್ಲ ಎಂದು ನಾವು ಪ್ರಬಂಧ ಬರೆಯುತ್ತೇವೆ. ಆ ಖರ್ಚಿನಲ್ಲಿ ಬೆಲೆಯ ಪಾಲೆಷ್ಟು, ಪಿನ್ನಿನ ಪಾಲೆಷ್ಟು?

ಹೊಸ ಒಲೆ ಕನಿಷ್ಠ ಶೇಕಡ 68ರ ಉಷ್ಣದಕ್ಷತೆ ಕೊಡಬೇಕೆಂದು ಭಾರತೀಯ ಮಾನಕ 4246 ಹೇಳುತ್ತದೆ. ಅದು ಪ್ರಯೋಗಶಾಲೆಯ ಹೊಸ ಒಲೆ. ಉಚ್ಚಂಗಿದುರ್ಗದ ಒಂದು ಮನೆಯಲ್ಲಿ ಆರು ವರ್ಷ ರೊಟ್ಟಿ ಸುಟ್ಟು, ಮುದ್ದೆ ತಿರುವಿಸಿಕೊಂಡು, ಮೂರು ಸಲ ಪಿನ್ನು ಹಾಕಿಸಿಕೊಂಡ ಒಲೆಯ ದಕ್ಷತೆ ಎಷ್ಟು? ಈ ಪ್ರಶ್ನೆಯನ್ನು ಕಂಡ ಸಭೆಯಲ್ಲೆಲ್ಲ ಕೇಳಿದ್ದೇನೆ, ಉತ್ತರ ಹಿಡಿದು ಯಾರೂ ನನ್ನ ಬಳಿ ಬಂದಿಲ್ಲ. ಮನೆಗೆ ಕೊಳವೆ ಅನಿಲ ಬಂದಾಗ ಈ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. ಆ ಅನಿಲಕ್ಕೆ ದೊಡ್ಡ ತೂತು ಬೇಕು. ಹಾಗೆ ಹಿಗ್ಗಿಸಿದ ಒಲೆ ಮಾರಾಟವಾಗಿ ಹಳ್ಳಿಗೆ ಬಂದು ಸಿಲಿಂಡರಿಗೆ ಜೋಡಿಸಿಕೊಂಡರೆ? ಗುರುತಿಲ್ಲದ ಒಲೆಯಲ್ಲಿ ಅದನ್ನು ಕಂಡುಹಿಡಿಯುವುದು ಹೇಗೆ?

ಕೊಟ್ಟೂರಿನಲ್ಲಿ ಒಬ್ಬ ಹಿರಿಯ ರಿಪೇರಿಯವರಿದ್ದಾರೆ. ಅವರು ಜೆಟ್ಟಿಗೆ ಪಿನ್ನು ಹಾಕುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಯಾಕಣ್ಣಾ ಎಂದು ಕೇಳಿದೆ. “ತೂತು ದೊಡ್ಡದಾದ್ರ ತಿರುಗಿ ಸಣ್ಣದಾಗಂಗಿಲ್ರೀ ಸರ” ಅಂದರು. ಒಲೆಯನ್ನು ಮೊದಲಿನ ಸ್ಥಿತಿಗೆ ತರುವುದು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ನೇರವಾದ ಮಾತು ನಾನು ಪುಸ್ತಕದಲ್ಲಿ ಕಂಡಿಲ್ಲ. ಬರ್ನರು ತೊಳೆದು ಮರಳಿ ಕೂರಿಸಬಹುದು. ಗಟ್ಟಿಯಾದ ನಾಬಿಗೆ ಶಾಖ ತಾಳುವ ಗ್ರೀಸು ಹಚ್ಚಬಹುದು. ಸಿಲಿಂಡರಿನ ಬಾಯೊಳಗಿನ ವಾಷರು ಬದಲಿಸಬಹುದು. ಹಿಗ್ಗಿದ ಜೆಟ್ಟಿಗೆ ಮಾತ್ರ ಹಿಂದಿನ ದಾರಿ ಇಲ್ಲ, ಅದೇ ಅಳತೆಯ ಹೊಸದನ್ನೇ ಹಾಕಬೇಕು.

ಈ ಎರಡು ದಿನ ನೀವು ಪ್ರಬಂಧ ಓದುವಾಗ ನನ್ನದೊಂದು ಬೇಡಿಕೆ ನಡೆಸಿಕೊಡಿ. ನಾಳೆ ಮಧ್ಯಾಹ್ನದ ಗೋಷ್ಠಿಯನ್ನು ಒಂದು ಗಂಟೆ ಮೊಟಕು ಮಾಡಿ ಈ ಊರಿನ ಮನೆಗಳಿಗೆ ಹೋಗೋಣ. ಅಧ್ಯಾಪಕರ ಜೊತೆ ರಿಪೇರಿಯ ಒಬ್ಬರು, ಸ್ವಸಹಾಯ ಸಂಘದ ತಾಯಿ ಒಬ್ಬರು. ಮನೆಯವರ ಒಪ್ಪಿಗೆ ಪಡೆದು, ಸಿಲಿಂಡರು ಬಂದ್ ಮಾಡಿ, ಒಲೆ ಪೂರ್ತಿ ಆರಿದ ಮೇಲೆ ರಿಪೇರಿಯವರೇ ಜೆಟ್ಟು ಬಿಚ್ಚಲಿ. ಪಾಲಿಟೆಕ್ನಿಕ್ಕಿನವರು ತೂತನ್ನು ಅಳೆಯುವ ಗೇಜು ತಂದಿದ್ದಾರೆ. ಅಳತೆ ಬರೆದುಕೊಳ್ಳೋಣ. ಮತ್ತೆ ಜೋಡಿಸಿ, ಸೋಪಿನ ನೀರು ಹಚ್ಚಿ ನೋಡಿ, ಉರಿ ಹಚ್ಚಿ ತೋರಿಸಿಯೇ ಹೊರಡೋಣ. ಪ್ರತಿ ಮನೆಯಲ್ಲೂ ಮೊದಲ ಪ್ರಶ್ನೆ ಒಲೆಯ ಮುಂದೆ ನಿಲ್ಲುವವಳಿಗೇ ಇರಲಿ: ಎರಡೂ ಮಂದವೋ, ಒಂದೇ ಮಂದವೋ? ಯಾವಾಗಿನಿಂದ?

ನನ್ನ ಅವ್ವ ಈಗಿಲ್ಲ. ಅವಳ ಒಲೆಯ ಆ ಹಳೇ ಜೆಟ್ಟು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಇವತ್ತು ಜೇಬಿನಲ್ಲಿ ತಂದಿದ್ದೇನೆ. ನಾಳೆಯ ಪಟ್ಟಿಯಲ್ಲಿ ಮೊದಲ ಅಳತೆ ಅದರದಾಗಲಿ.