ತೋಟದ ಮೇಲೊಂದು ಕಣ್ಣು, ತೋಟದೊಳಗೊಂದು ಕಾಲು



ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ತುಮಕೂರು ಸೀಮೆಯಲ್ಲಿ ಮಳೆಗಿಂತ ಮೊದಲು ಬರುವುದು ಗಾಳಿ. ಅರ್ಧ ಗಂಟೆಯೊಳಗೆ ಗೊನೆ ಹೊತ್ತ ಬಾಳೆ ಮಲಗುತ್ತದೆ, ಅಡಿಕೆ ನಡುವಿಗೆ ಮುರಿಯುತ್ತದೆ, ಮನೆಯ ಶೀಟು ಪಕ್ಕದವರ ಹೊಲದಲ್ಲಿ ಬಿದ್ದಿರುತ್ತದೆ. 2021ರ ಮೇ ತಿಂಗಳಲ್ಲಿ ಕರಾವಳಿಯನ್ನು ಸವರಿಕೊಂಡು ಗುಜರಾತಿಗೆ ಹೋದ ಚಂಡಮಾರುತಕ್ಕೆ ತೌಕ್ತೆ ಎಂಬ ಹೆಸರಿತ್ತು. ಅದರ ಹಾದಿಯುದ್ದಕ್ಕೂ ಉಪಗ್ರಹಗಳ ಕಾವಲಿತ್ತು. ಒಂದು ಹೋಬಳಿಯನ್ನಷ್ಟೇ ಬಡಿದು ಹೋಗುವ ಗಾಳಿಗೆ ಹೆಸರೂ ಇಲ್ಲ, ಕಾವಲೂ ಇಲ್ಲ. ಅದರ ಲೆಕ್ಕವೆಲ್ಲ ಮಹಜರು ಬರೆಯುವವರ ಕಾಲ್ನಡಿಗೆಯ ಮೇಲೆ ನಿಂತಿದೆ. ಆಕಾಶದಿಂದ ತೆಗೆದ ಚಿತ್ರ ಈ ಕೆಲಸಕ್ಕೆ ಎಷ್ಟು ಒದಗೀತು, ಎಲ್ಲಿ ಕೈಕೊಟ್ಟೀತು ಎಂದು ನೋಡುವುದೇ ಈ ಸಂಕಿರಣದ ಆಶಯ.

ಭಾರತದಲ್ಲಿ ದೂರಸಂವೇದಿ ವಿಜ್ಞಾನ ಶುರುವಾದದ್ದೇ ತೆಂಗಿನ ತೋಟದ ಮೇಲೆ. 1970ರ ಸುಮಾರಿಗೆ ಪ್ರೊ. ಪಿ. ಆರ್. ಪಿಷಾರಟಿ ಮತ್ತು ಸಂಗಡಿಗರು ಕೇರಳದಲ್ಲಿ ಹೆಲಿಕಾಪ್ಟರಿನಿಂದ ಅವಕೆಂಪು ಫಿಲಮಿನಲ್ಲಿ ತೆಂಗಿನ ತೋಟಗಳ ಚಿತ್ರ ತೆಗೆದರು. ಬೇರು ಸೊರಗು ರೋಗ ತಗಲಿದ ಮರಗಳನ್ನು ಮೇಲಿನಿಂದಲೇ ಗುರುತಿಸುವ ಪ್ರಯೋಗವದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಇಂದು ಹೆಲಿಕಾಪ್ಟರ್ ಕಾರ್ಖಾನೆಯೇ ಇದ್ದರೂ ತೋಟ ನೋಡಲು ಹೆಲಿಕಾಪ್ಟರ್ ಬೇಕಿಲ್ಲ; ಡ್ರೋನ್ ಸಾಕು. ಅದಕ್ಕೂ ಮೊದಲು ಉಪಗ್ರಹವಿದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗಾದರೂ ಉಚಿತ. ಅದರಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ರೈತರ ಒಂದು ಗುಂಟೆ 101 ಚದರ ಮೀಟರ್. 30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಗುಂಟೆಗೆ ಹೆಚ್ಚುಕಡಿಮೆ ಒಂದು ತೆಂಗು ಬರುತ್ತದೆ. ಹಾಗಾಗಿ ಬಾಳೆ ತೋಟ ಪೂರಾ ಮಲಗಿದ್ದರೆ ಈ ಚಿತ್ರದಲ್ಲಿ ತಿಳಿಯುತ್ತದೆ. ಅಲ್ಲೊಂದು ಇಲ್ಲೊಂದು ಬಿದ್ದ ಮರವನ್ನು ಎಣಿಸಲಾಗದು. ಎಣಿಸಬೇಕಾದರೆ ಇಸ್ರೊ 2019ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-3ರಷ್ಟು ಸೂಕ್ಷ್ಮವಾದ ಕಣ್ಣು ಬೇಕು, ಇಲ್ಲವೇ ಡ್ರೋನ್ ಬೇಕು.

ಆದರೂ ಒಂದು ಮೋಸ ಉಳಿಯುತ್ತದೆ. ತೆಂಗಿಗೆ ಬೆಳೆಯುವ ತುದಿ ಒಂದೇ, ಅದು ಸುಳಿ. ಗಾಳಿಗೆ ಸುಳಿ ತಿರುಚಿದ ಮರ ನಿಂತೇ ಇರುತ್ತದೆ, ಹಳೆಯ ಗರಿಗಳು ವಾರಗಟ್ಟಲೆ ಹಸಿರಾಗಿಯೇ ಇರುತ್ತವೆ. ಮೇಲಿನಿಂದ ಅದು ಜೀವಂತ ಮರ. ತೋಟದವರ ಲೆಕ್ಕದಲ್ಲಿ ಹೋದ ಮರ.

ಕಟ್ಟಡಗಳ ವಿಷಯದಲ್ಲೂ ಹೀಗೇ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ತೀರಕ್ಕೆ ಅಪ್ಪಳಿಸಿದ ಮೇಲೆ ಅಲ್ಲಿನ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ವಿಮಾನಗಳಿಂದ ಚಿತ್ರ ತೆಗೆದು ಎಲ್ಲರಿಗೂ ಬಿಡುಗಡೆ ಮಾಡಿತು. ಊರು ಬಿಟ್ಟು ಹೋಗಿದ್ದವರು ದೂರದಲ್ಲೇ ಕೂತು ತಮ್ಮ ಚಾವಣಿ ಹುಡುಕಿದರು. ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತ್ತು. ಚಾವಣಿ ನೆಟ್ಟಗಿದ್ದ ಎಷ್ಟೋ ಮನೆಗಳ ಒಳಗೆ ಏನೂ ಉಳಿದಿರಲಿಲ್ಲ.

ಇನ್ನು ಮೋಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಳೆ ಬಿಟ್ಟಿರಲಿಲ್ಲ. ಅಂಥ ದಿನಗಳಲ್ಲಿ ಸಾಮಾನ್ಯ ಕ್ಯಾಮೆರಾಕ್ಕೆ ಕಾಣುವುದು ಮೋಡದ ಬೆನ್ನು ಮಾತ್ರ. ರೇಡಾರ್ ಉಪಗ್ರಹಕ್ಕೆ ಮೋಡವೂ ಕತ್ತಲೂ ಅಡ್ಡಿಯಲ್ಲ. ಬಯಲಿನಲ್ಲಿ ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಗೆ ಮೂಡುತ್ತದೆ. ತೋಟದೊಳಗೆ ನೀರು ನಿಂತರೆ ಇದು ತಿರುಗುಮುರುಗು: ಅಲೆ ನೀರಿಗೂ ಕಾಂಡಕ್ಕೂ ತಾಗಿ ಹಿಂದಿರುಗಿ ಬಿಳುಪಾಗಿ ಕಾಣಬಹುದು. ಕಪ್ಪನ್ನೇ ಹುಡುಕುವ ಲೆಕ್ಕ ಅಡಿಕೆ ತೋಟವನ್ನು ಬಿಟ್ಟುಬಿಡುತ್ತದೆ. ಉದ್ದ ಅಲೆಯ ರೇಡಾರ್ ಎಲೆಗಳ ಮರೆಯನ್ನು ದಾಟಿ ಇಳಿಯಬಲ್ಲದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೊ ಮತ್ತು ನಾಸಾ ಜಂಟಿಯಾಗಿ ಕಟ್ಟಿದ ನಿಸಾರ್ ಅಂಥದ್ದು. 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಮರಳಿ ಬರುವಂತೆ ಅದರ ಕಕ್ಷೆಯಿದೆ.

ಪರಿಹಾರದ ನಿಯಮ ಇಷ್ಟೊಂದು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. ಬೆಳೆಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2022–26ರ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ನಿಗದಿಯಾಗಿತ್ತು. ಶೇ 32ಕ್ಕೂ ಶೇ 34ಕ್ಕೂ ನಡುವಿನ ತಕರಾರನ್ನು ಉಪಗ್ರಹ ಬಗೆಹರಿಸದು. ಮೊದಲು ಯಾವ ಊರಿಗೆ, ಯಾವ ಸರ್ವೆ ನಂಬರಿಗೆ ಹೋಗಬೇಕು ಎಂದು ಗ್ರಾಮ ಆಡಳಿತ ಅಧಿಕಾರಿಗೆ ಅದು ಹೇಳಬಲ್ಲದು. ಗಾಳಿ ಬಡಿದ ಪಟ್ಟೆಯಲ್ಲಿದ್ದೂ ಅರ್ಜಿ ಕೊಡದ ರೈತರನ್ನು ಎತ್ತಿ ತೋರಿಸಬಲ್ಲದು. ಇದೇ ಅದರ ನಿಜವಾದ ಉಪಯೋಗ.

ಇದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಆಗಲೇ ಇದೆ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ತೋರಿಸುತ್ತದೆ, ಬೆಳೆ ಸಮೀಕ್ಷೆಯಲ್ಲಿ ಆ ಜಮೀನಿನ ಬೆಳೆಯ ಫೋಟೊ ಇರುತ್ತದೆ. ಗಾಳಿಗೆ ಮುಂಚಿನ ಉಪಗ್ರಹ ಚಿತ್ರವನ್ನು ಇವೆರಡರ ಜೊತೆ ಹೊಂದಿಸುವುದು ಹೇಗೆ, ಡ್ರೋನ್ ಹಾರಿಸುವ ಹೊಣೆ ಯಾರದು, ಚಿತ್ರ ರೈತನ ಕೈಗೂ ಸಿಗಬೇಕೇ ಎಂಬುದನ್ನು ಇಂದಿನ ಗೋಷ್ಠಿಗಳು ಚರ್ಚಿಸಲಿ. ಜೊತೆಗೆ, ಸುಳಿ ಪೆಟ್ಟು ತಿಂದ ತೆಂಗನ್ನು ಮೂರು ತಿಂಗಳ ನಂತರ ಮತ್ತೆ ನೋಡಿ ಬರೆಯಲು ಮಹಜರಿನ ನಮೂನೆಯಲ್ಲಿ ಒಂದು ಕಾಲಂ ಸೇರಿಸಬೇಕೆಂಬ ಶಿಫಾರಸು ಸಂಜೆಯ ನಿರ್ಣಯದಲ್ಲಿ ಇರಲಿ.